ಲಾನ್ ಅಕ್ಕನ ಕಾರ್ಡಿನ ಹಿಂಬದಿ

ಬೆಳಗಿನ ಐದೂ ಮುಕ್ಕಾಲು. ತಾಯ್ನಾನ್ ಪಟ್ಟಣದ ಹಳೇ ಕಾಲುವೆ ಬೀದಿಯಲ್ಲಿ ಮೀನುಗಂಜಿ ಅಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಅದರ ಮೇಲಿನ ಮಹಡಿಯ ಕಚೇರಿಯಲ್ಲಿ ಅರವತ್ತಮೂರರ ಕುವೊ ಲಾನ್-ಯಿಂಗ್ ಕಿಟಕಿ ತೆರೆದು, ಬಲಗೈ ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿಗೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಮುಂದೆ ನಲವತ್ತು ವರ್ಷ ಹಳೆಯ ವೈದ್ಯಕೀಯ ಪತ್ರಿಕೆಗಳ ರಾಶಿ. ಒಂದನ್ನೆತ್ತಿ ಮೂಸಿ, "ಇದು ಕೆಳಗಿನ ಸಾಲಿಂದು, ಮುಗ್ಗಲು ವಾಸನೆ" ಎನ್ನುತ್ತಾರೆ. ಆಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತನ್ನೂ ಬಿಡದೆ, ಬೆರಳು ಓಡುತ್ತದೆ.

ಅವರು ಹುಡುಕುವುದು ಒಂದೇ ಸಂಗತಿ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಏನಾಯಿತೆಂದು ನೋಡಿದ ಪ್ರಯೋಗ ಎಲ್ಲಾದರೂ ಅಚ್ಚಾಗಿದೆಯೇ? ಆಗಿದ್ದರೆ ಒಂದು ಕಾರ್ಡು ಬರೆಯುತ್ತಾರೆ. ಅಂಥ ಕಾರ್ಡುಗಳನ್ನೆಲ್ಲ ಒಟ್ಟಿಗೆ ತೂಗಿ, ಯಾವ ಚಿಕಿತ್ಸೆಯಿಂದ ಉಪಯೋಗ, ಯಾವುದು ಬರೀ ರೂಢಿ ಎಂದು ವೈದ್ಯರಿಗೆ ತಿಳಿಸುವುದು ಇಲ್ಲಿನ ಪುರಾವೆ ವೈದ್ಯ ಸಂಘದ ಕೆಲಸ. ಸಂಘದ ವಾರ್ಷಿಕ ಸಭೆಯಲ್ಲಿ ದೊಡ್ಡ ದೊಡ್ಡ ವೈದ್ಯರು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಲಾನ್ ಅಕ್ಕನ ಫೋಟೊ ಇರುವುದು ಅವರ ಗುರುತಿನ ಚೀಟಿಯಲ್ಲಿ ಮಾತ್ರ, ಅದರಲ್ಲೂ ಕಣ್ಣು ಮುಚ್ಚಿದೆ.

ಇದನ್ನೆಲ್ಲ ಕಂಪ್ಯೂಟರೇ ಹುಡುಕುವುದಿಲ್ಲವೇ ಎಂದು ನಾನು ಪೆದ್ದನಂತೆ ಕೇಳುತ್ತೇನೆ. "ಹುಡುಕುತ್ತೆ. 'ಪ್ರಯೋಗ' ಅಂತ ಹೆಸರಿಟ್ಟು ಕರೆದ್ರೆ ಓಗೊಡೋರು ಅದಕ್ಕೆ ಸಿಗ್ತಾರೆ. ಮಾತಾಡದೆ ಮೂಲೇಲಿ ಕೂತೋರನ್ನ ನಾವೇ ಎದ್ದು ಹೋಗಿ ನೋಡ್ಬೇಕು."

ದಿನಕ್ಕೆ ಒಂಬತ್ತು ಸಂಚಿಕೆ. ಹದಿನಾಲ್ಕು ವರ್ಷಕ್ಕೆ ಮೂವತ್ತು ಸಾವಿರ ದಾಟಿದೆ. ಅಷ್ಟರಲ್ಲಿ ಸಿಕ್ಕ ಕಾರ್ಡು ಸಾವಿರದ ಒಂಬೈನೂರು ಚಿಲ್ಲರೆ. ವಾರವಿಡೀ ತಿರುವಿದರೂ ಒಂದೂ ಸಿಗದ ವಾರಗಳಿವೆ. ಉಪ್ಪಿನ ಗದ್ದೆಯಲ್ಲಿ ದುಡಿದ ಅಪ್ಪನ ಮಗಳು ಅವರು, ಬಿಸಿಲು ಬರುವವರೆಗೆ ಕಾಯುವುದು ಹುಟ್ಟಿನಿಂದಲೇ ಗೊತ್ತು. ಇಪ್ಪತ್ತೆರಡು ವರ್ಷ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡತ ಜೋಡಿಸುವ ಕೆಲಸ ಮಾಡಿದರು. ಕಡತಗಳು ಹೋಗಿ ಕಂಪ್ಯೂಟರು ಬಂದಾಗ ನಲವತ್ತೊಂಬತ್ತರ ಹೆಂಗಸು ಯಾರಿಗೂ ಬೇಡವಾದಳು. ಆಗ ಕೈಹಿಡಿದದ್ದು ಈ ಸಂಘ. ಇಂಗ್ಲಿಷನ್ನು ನಿಘಂಟು ಇಟ್ಟುಕೊಂಡು, ಅಡುಗೆಮನೆಯಲ್ಲಿ ನಿಂತುಕೊಂಡೇ ಕಲಿತರು.

ಗಂಡ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಈಗ ಅವರು ಮತ್ತು ಎಂಬತ್ತೊಂಬತ್ತು ವರ್ಷದ ಅತ್ತೆ. ಅತ್ತೆ ನಾಲ್ಕಕ್ಕೇ ಎದ್ದು ಗಂಜಿ ಕೇಳುತ್ತಾರೆ, ಅದಕ್ಕೇ ಸೊಸೆ ಐದೂವರೆಗೆ ಮನೆ ಬಿಡುವುದು. "ಹೊರಟ್ಲು ನೋಡು ಕಾಗದ ತಿನ್ನೋ ಹುಳ" ಎಂದು ಅತ್ತೆ ದಿನಾ ಹಂಗಿಸುತ್ತಾರೆ. ಸೊಸೆ ದಿನಾ "ಸಂಜೆಗೆ ಹೊಟ್ಟೆ ತುಂಬಿಸ್ಕೊಂಡು ಬರ್ತೀನಿ ಅತ್ತೆ" ಎನ್ನುತ್ತಾರೆ.

ಇನ್ನು ಆ ಕಾರ್ಡುಗಳ ವಿಷಯ. ಮುಂಬದಿಯಲ್ಲಿ ಸಂಘ ಕೇಳಿದ್ದಷ್ಟೇ ಇರುತ್ತದೆ: ವರ್ಷ, ಕಾಯಿಲೆ, ಚಿಕಿತ್ಸೆ, ಎಷ್ಟು ಜನ. ಹಿಂಬದಿಯಲ್ಲಿ ಯಾರೂ ಕೇಳದ ಒಂದು ಪಟ್ಟಿಯನ್ನು ಲಾನ್ ಅಕ್ಕ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಪ್ರಯೋಗದ ನಡುವೆ ಬಿಟ್ಟು ಹೋದವರ ಪಟ್ಟಿ ಅದು. ಒಬ್ಬನಿಗೆ ಮದ್ದಿನ ಕಹಿ ಸೇರಲಿಲ್ಲ, ಇನ್ನೊಬ್ಬ ಸಮುದ್ರಕ್ಕೆ ಹೋದ, ಮತ್ತೊಬ್ಬಳು ಬರಲೇ ಇಲ್ಲ. "ಉಳಿದೋರನ್ನ ಲೆಕ್ಕ ಹಾಕೋಕೆ ಡಾಕ್ಟರು ಇದ್ದಾರಲ್ಲ. ಹೋದೋರನ್ನೂ ಯಾರಾದ್ರೂ ಒಂದ್ಸಲ ನೆನೀಲಿ ಅಂತ" ಎಂದು ಹೇಳಿ ನಾಚಿಕೊಳ್ಳುತ್ತಾರೆ.

ಕಳೆದ ಮಾರ್ಚಿನಲ್ಲಿ ಸಂಘ ಒಂದು ಪುಸ್ತಿಕೆಯನ್ನು ಅಚ್ಚಿಗೆ ಸಿದ್ಧ ಮಾಡಿತ್ತು. ಬಸುರಿಯರಿಗೆ ರಕ್ತ ಕಾಣಿಸಿಕೊಂಡರೆ ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಾರಲ್ಲ, ಅದರ ಬಗ್ಗೆ. ಸಿಕ್ಕಿದ್ದ ಪ್ರಯೋಗಗಳು ಮೂರು. ಮೂರನೆಯದು ತೀರಾ ಚಿಕ್ಕದು, ಮಲಗಿದವರಿಗೂ ಓಡಾಡಿದವರಿಗೂ ಅದರಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಉಳಿದೆರಡು, ಒಂದು 1972ರದು, ಒಂದು 1984ರದು, ಮಲಗಿದರೆ ಒಳ್ಳೆಯದು ಎಂದಿದ್ದವು. ಹನ್ನೆರಡು ವರ್ಷದ ಅಂತರದಲ್ಲಿ ಎರಡು ಬೇರೆ ಪ್ರಯೋಗ ಒಂದೇ ಮಾತು ಹೇಳಿದರೆ ಯಾರು ನಂಬುವುದಿಲ್ಲ? ಆರು ಜನ ವೈದ್ಯರ ಸಮಿತಿ "ಹಾಸಿಗೆ ಬಿಡಬಾರದು" ಎಂದು ಬರೆದು ಸಹಿ ಹಾಕಿತು.

ಅಚ್ಚಿಗೆ ಕಳಿಸುವ ಮೊದಲು ಕಾರ್ಡುಗಳನ್ನು ಮತ್ತೊಮ್ಮೆ ಒರೆಗೆ ಹಚ್ಚುವುದು ಲಾನ್ ಅಕ್ಕನ ಕೆಲಸ. ಒಂದು ಬುಧವಾರ ಬೆಳಿಗ್ಗೆ ಇದೇ ಮೇಜಿನಲ್ಲಿ ಆ ಎರಡು ಕಾರ್ಡನ್ನೂ ಮಗುಚಿ ಹಾಕಿದರು. ಒಂದರ ಹಿಂಬದಿಯಲ್ಲಿ: ಬಿಟ್ಟವರು ಐವರು, ಒಬ್ಬಳು ಪೆಂಗ್‌ಹು ದ್ವೀಪಕ್ಕೆ ವಾಪಸು, ಒಬ್ಬಳು ಮಾವನ ಸಾವಿಗೆ ಎದ್ದು ಹೋದಳು. ಇನ್ನೊಂದರ ಹಿಂಬದಿಯಲ್ಲೂ ಅದೇ ಐವರು, ಅದೇ ದ್ವೀಪ, ಅದೇ ಮಾವ.

"ಹನ್ನೆರಡು ವರ್ಷ ಬಿಟ್ಟು ಅದೇ ಮಾವ ಇನ್ನೊಂದ್ಸಲ ಸಾಯ್ತಾನಾ?" ಎಂದು ಈಗ ನಗುತ್ತಾರೆ. ಅಂದು ನಗು ಬಂದಿರಲಿಲ್ಲ.

ನಮ್ಮಲ್ಲಿ ಹಳೆಯ ಪತ್ರಿಕೆಗಳ ಮೇಲೆ ಇರುವುದು ಗಣರಾಜ್ಯದ ವರ್ಷ, ಗಣರಾಜ್ಯ ಹುಟ್ಟಿದ 1912ನ್ನು ಒಂದು ಎಂದು ಎಣಿಸುವುದು. 72 ಎಂದಿದ್ದರೆ ಅದಕ್ಕೆ 1911 ಕೂಡಿಸಬೇಕು, 1983 ಆಗುತ್ತದೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಹೊಸಬರಿಗೆ ಲಾನ್ ಅಕ್ಕ ಹೇಳಿಕೊಡುವ ಮೊದಲ ಪಾಠವೂ ಇದೇ. ಆದರೆ ಕೆಲಸಕ್ಕೆ ಸೇರಿದ ಮೊದಲ ವರ್ಷ, ಆ ಒಂದು ಕಾರ್ಡಿನಲ್ಲಿ, ಅವರು ಕೂಡಿಸದೆ 72ರ ಹಿಂದೆ 19 ಬರೆದುಬಿಟ್ಟಿದ್ದರು. 1983ರಲ್ಲಿ ಇಲ್ಲಿನ ಪತ್ರಿಕೆಯಲ್ಲಿ ಬಂದದ್ದನ್ನೇ ಅದೇ ವೈದ್ಯರು ಮರುವರ್ಷ ಇಂಗ್ಲಿಷಿನಲ್ಲೂ ಪ್ರಕಟಿಸಿದ್ದರು. ಒಂದರಲ್ಲಿ ಸೇರಿದ ಎಂಬತ್ತಾರು ಹೆಂಗಸರ ಲೆಕ್ಕ, ಇನ್ನೊಂದರಲ್ಲಿ ಕೊನೆಯವರೆಗೆ ಉಳಿದ ಎಂಬತ್ತೊಂದು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಸಂಘದ ಕಾರ್ಯದರ್ಶಿ ಡಾಕ್ಟರ್ ಲಿಯಾವ್ ನಲವತ್ತರ ಆಸುಪಾಸಿನವರು. ಅಂದಿನ ಮಾತನ್ನು ಅವರೇ ನನಗೆ ಹೇಳುತ್ತಾರೆ. "ಅಕ್ಕಾ, ಶುಕ್ರವಾರ ಅಚ್ಚಿಗೆ ಹೋಗ್ಬೇಕು ಅಂದೆ. ಹೋಗಬಾರದು ಡಾಕ್ಟ್ರೇ, ಮೂರಲ್ಲ, ಎರಡೇ, ತಪ್ಪು ನಂದು ಅಂದ್ರು. ಆರು ಜನ ನೋಡಿದ್ವಿ, ಕಾರ್ಡು ತಿರುಗಿಸಿ ನೋಡಿದೋರು ಒಬ್ಬರೂ ಇಲ್ಲ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಹದಿನಾಲ್ಕು ವರ್ಷ ತಪ್ಪದ ಕೈ ಆ ಒಂದು ಕಾರ್ಡಿನಲ್ಲೇ ಏಕೆ ತಪ್ಪಿತು? ಕೇಳಿದಾಗ ಲಾನ್ ಅಕ್ಕ ರಬ್ಬರಿನ ಟೊಪ್ಪಿಗೆ ಕಳಚಿ ಮೇಜಿನ ಮೇಲಿಡುತ್ತಾರೆ. "ಅದನ್ನ ಬರೀವಾಗ ಮನಸ್ಸು ಲೆಕ್ಕದ ಮೇಲೆ ಇರ್ಲಿಲ್ಲ" ಎನ್ನುತ್ತಾರೆ.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವರೂ ಹೀಗೆ ಮಲಗಿದ್ದವರೇ. ಐವತ್ತೊಂದು ದಿನ. ಹೊಟ್ಟೆಯೊಳಗಿನ ಮಗುವಿಗೆ ಕೇಡೆಂದು ಮನೆಯಲ್ಲಿ ಯಾರೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅವರ ಹಾಸಿಗೆಯ ಹತ್ತಿರ ಕತ್ತರಿ ತರುವಂತಿಲ್ಲ. ಐವತ್ತೆರಡನೆಯ ದಿನ ಅಂಗಳದಲ್ಲಿ ಒಣಹಾಕಿದ್ದ ಮೂಲಂಗಿಯ ಮೇಲೆ ತುಂತುರು ಬಿತ್ತು. ಎದ್ದು ಹೋಗಿ ಮೂರು ಮೊರ ಒಳಗೆ ತಂದರು. ಎರಡು ದಿನಕ್ಕೆ ಮಗು ಹೋಯಿತು. ಮತ್ತೆ ಮಕ್ಕಳಾಗಲಿಲ್ಲ.

"ಹದಿನಾಲ್ಕು ವರ್ಷದ ಹಿಂದೆ ಆ ಲೇಖನ ಓದಿದಾಗ ತೀರ್ಪು ಬಂತು ಅನ್ಕೊಂಡೆ. ಮಲಗಿದ್ದಿದ್ರೆ ಉಳೀತಿತ್ತು, ನಾನೇ ಎದ್ದೆ. ಎರಡನೇ ಕಾರ್ಡು ಸಿಕ್ಕಾಗ ಇನ್ನೇನು, ಮೇಲಿನ ಕೋರ್ಟೂ ಅದನ್ನೇ ಹೇಳ್ತು ಅಂತ."

ಹಾಗಾದರೆ ಈಗ ತಪ್ಪು ನಿಮ್ಮದಲ್ಲ ಎಂದಾಯಿತಲ್ಲ ಎನ್ನುತ್ತೇನೆ. ತಲೆಯಾಡಿಸುತ್ತಾರೆ. "ಹಂಗೂ ಅನ್ನಬಾರದು. ಮಲಗಿದ್ರೆ ಒಳ್ಳೇದು ಅನ್ನೋದು ಈಗ ಒಂದೇ ಒಂದು ಪ್ರಯೋಗ, ವ್ಯತ್ಯಾಸ ಇಲ್ಲ ಅನ್ನೋದು ಆ ಚಿಕ್ಕದೊಂದು. ಮಲಗಿದ್ರೆ ಉಳೀತಿತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ಎಷ್ಟು ಹಗುರ ಮಾಡುತ್ತೆ ನೋಡಿ."

ಸಾಂತ್ವನ ಕೈಗೆ ಬಂದಾಗಲೂ ತೂಗಿ ನೋಡಿ, ತನಗೆ ಸಲ್ಲುವಷ್ಟನ್ನೇ ತೆಗೆದುಕೊಂಡ ಈ ಹೆಂಗಸಿನ ಮುಂದೆ ನನ್ನ ಕಣ್ಣು ತುಂಬಿ ಬಂತು.

ಆ ಬುಧವಾರ ಮನೆಗೆ ಹೋಗಿ ಅತ್ತೆಗೂ ಹೇಳಿದರು. ಮಗುವಿನ ಮಾತು ಆ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಯಾರೂ ಎತ್ತಿರಲಿಲ್ಲ. ಅದಕ್ಕೆ ಅತ್ತೆ, "ಲಾನ್, ಮೂಲಂಗಿ ನೆನೀತಿದೆ ಏಳೇ ಅಂತ ಕೂಗಿದೋಳು ನಾನಲ್ವೇನೇ" ಎಂದರಂತೆ. ಸೊಸೆಗೆ ಕೂಗಿನ ನೆನಪೇ ಇರಲಿಲ್ಲ. ಅತ್ತೆ ಒಂದು ದಿನವೂ ಮರೆತಿರಲಿಲ್ಲ.

ಪುಸ್ತಿಕೆಯ ಅಚ್ಚು ನಿಂತಿತು, ಇನ್ನೂ ಕರಡಾಗಿಯೇ ಇದೆ. "ಹಾಸಿಗೆ ಬಿಡಬಾರದು" ಎಂಬ ಸಾಲು ಹೋಗಿ "ಮಲಗುವುದರಿಂದ ಉಪಯೋಗವಿದೆಯೋ ಇಲ್ಲವೋ ಗೊತ್ತಿಲ್ಲ" ಎಂಬ ಸಾಲು ಬಂದಿದೆ. ಲಾನ್ ಅಕ್ಕನ ಹೆಸರು ಅದರಲ್ಲಿ ಎಲ್ಲೂ ಇಲ್ಲ, ಅವರು ಕೇಳಿಯೂ ಇಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಂಘಕ್ಕೆ ಅವರು ಇಟ್ಟಿರುವ ಬೇಡಿಕೆ ಬೇರೆಯೇ. ನಾನು ಹೊರಡುವ ಹೊತ್ತಿಗೆ ಡಾಕ್ಟರ್ ಲಿಯಾವ್ ಒಳಗೆ ಬರುತ್ತಾರೆ, ಅಕ್ಕ ಅದನ್ನೇ ಮತ್ತೆ ನೆನಪಿಸುತ್ತಾರೆ.

"ಆ 'ಗೊತ್ತಿಲ್ಲ' ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕ್ಸಿ ಡಾಕ್ಟ್ರೇ. ನಾನು ಓದಿ ಹೇಳ್ತೀನಿ ಅಂದ್ರೆ ಅತ್ತೆ ಬೇಡ ಅಂತಾರೆ. ಕಣ್ಣು ಮಂಜಾದ್ರೂ ಅದನ್ನ ಅವರೇ ಓದ್ಬೇಕಂತೆ."