ತಮ್ಮ ಸೋಲುತ್ತಿದ್ದ ಆಟ

ನನಗೆ ಯಾರನ್ನೂ ಬೇಗ ನಂಬಿ ಅಭ್ಯಾಸ ಇಲ್ಲ. ಬ್ಯಾಂಕಿನಲ್ಲಿ ನನ್ನ ಕೆಲಸವೇ ಅದು: ಚೆಕ್ಕಿನ ಮೇಲಿನ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯ ಜೊತೆ ತಾಳೆ ನೋಡುವುದು. ಸಂಶಯ ಒಂದು ರೋಗ ಅಂತ ಹೇಳುವವರು ಹೇಳಲಿ, ನನಗೆ ಅದು ಅನ್ನ ಕೊಟ್ಟಿದೆ. ಮನೆಗೆ ಬಂದ ಮೇಲೂ ಅದನ್ನು ಕಳಚಿಡಲು ಆಗುತ್ತಿರಲಿಲ್ಲ. ಮೀನು ತರುವ ಹೆಂಗಸು "ಈಗಷ್ಟೇ ಬೆಂಗ್ರೆಯಿಂದ ಬಂದದ್ದು ಅಕ್ಕ" ಎಂದರೆ ಕಿವಿರು ಎತ್ತಿ ನೋಡದೆ ಬಿಟ್ಟವಳಲ್ಲ. ಹಾಗಿರುವಾಗ ನನ್ನ ಸ್ವಂತ ತಮ್ಮ ನನ್ನೆದುರು ಮತ್ತೆ ಮತ್ತೆ ಸೋಲುವುದನ್ನು ನಾನು ಸುಮ್ಮನೆ ಒಪ್ಪಿಕೊಳ್ಳುವುದುಂಟಾ?

ಎಂಬತ್ತರ ದಶಕದ ನಡುಭಾಗದ ಮಾತು. ಮಂಗಳೂರಿನ ಕುಲಶೇಖರದ ನಮ್ಮ ಮನೆಯಲ್ಲಿ ಇದ್ದದ್ದು ಅಮ್ಮ, ನಾನು, ತಮ್ಮ, ಇಷ್ಟೇ ಜನ. ತಮ್ಮ ಪೇಟೆಯಲ್ಲಿ ಅಪ್ಪನ ಕಾಲದ ಹೋಟೆಲು ನೋಡಿಕೊಳ್ಳುತ್ತಿದ್ದ. ಅವನಿಗೆ ಶಾಲೆಯ ದಿನಗಳಿಂದ ಒಬ್ಬ ಬ್ಯಾರಿ ಸ್ನೇಹಿತ. ಬಂದರಿನಲ್ಲಿ ಅವನದ್ದು ಗಡಿಯಾರ, ಕ್ಯಾಸೆಟ್ಟುಗಳ ಅಂಗಡಿ. ಆ ಸ್ನೇಹಿತನ ಅಣ್ಣ ದುಬೈಯಿಂದ ಬರುವಾಗ ಒಂದು ಕಂಪ್ಯೂಟರ್ ತಂದಿದ್ದ. ಕಂಪ್ಯೂಟರ್ ಎಂದರೆ ಈಗಿನದ್ದಲ್ಲ ಮಾರಾಯ್ರೆ. ಟೈಪ್‌ರೈಟರಿನ ಕೀಲಿಗಳನ್ನು ಮಾತ್ರ ಕಿತ್ತು ಒಂದು ಚಪ್ಪಟೆ ಪೆಟ್ಟಿಗೆಗೆ ಕೂರಿಸಿದ ಹಾಗೆ ಇತ್ತು. ಟಿವಿಗೆ ಒಂದು ವಯರು, ಟೇಪ್‌ರೆಕಾರ್ಡರಿಗೆ ಇನ್ನೊಂದು. ಕ್ಯಾಸೆಟ್ ಹಾಕಿದರೆ ಹಾಡು ಬರುವ ಬದಲು ಕಿರ್ರೋ ಎಂದು ಅರಚಿ ಅರಚಿ ಕೊನೆಗೆ ಟಿವಿಯ ಮೇಲೆ ಆಟ ಮೂಡುತ್ತಿತ್ತು. ಸ್ನೇಹಿತನ ತಂದೆಗೆ ಮನೆಯಲ್ಲಿ ಟಿವಿ ಇಡುವುದು ಸರಿ ಬರುತ್ತಿರಲಿಲ್ಲ, ನಮ್ಮಲ್ಲಿ ಟಿವಿ ಇತ್ತು. ಹಾಗಾಗಿ ಪೆಟ್ಟಿಗೆ ನಮ್ಮ ಮನೆಯ ಚಾವಡಿಯಲ್ಲೇ ಉಳಿಯಿತು.

ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಮೇಲಿಂದ ಬರುವುದನ್ನೆಲ್ಲ ಟುಪುಟುಪು ಹೊಡೆದುರುಳಿಸುವ ಆಟಗಳು. ನನಗೆ ಅದರಲ್ಲಿ ರುಚಿ ಇರಲಿಲ್ಲ. ಒಂದು ಮಾತ್ರ ಬೇರೆ. ಎರಡು ರಾಜ್ಯ, ನಡುವೆ ಹೊಳೆ, ಹೊಳೆಗೆ ಸೇತುವೆಗಳು, ಎರಡೂ ಕಡೆ ಭತ್ತದ ಕಣಜ. ಸೈನಿಕರೆಂದರೆ ಸಣ್ಣ ಸಣ್ಣ ಚುಕ್ಕೆಗಳು. ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು, ಪ್ರತಿ ಸರದಿಗೂ ಸೈನ್ಯ ಉಣ್ಣುತ್ತದೆ, ಕಣಜ ಬರಿದಾದರೆ ಚುಕ್ಕೆಗಳು ಒಂದೊಂದಾಗಿ ಮಾಯ. ಇದನ್ನು ಮೆಷಿನಿನ ಜೊತೆ ಒಬ್ಬರೇ ಆಡಲಿಕ್ಕಾಗುವುದಿಲ್ಲ, ಎದುರಿಗೆ ಮನುಷ್ಯರೇ ಬೇಕು. ಆದಿತ್ಯವಾರ ಸಂಜೆ ತಮ್ಮ ಮತ್ತು ಅವನ ಸ್ನೇಹಿತ ಚಾಪೆ ಹಾಕಿ ಕೂತರೆ ಆಟಕ್ಕಿಂತ ಚರ್ಚೆಯೇ ಜಾಸ್ತಿ.

"ನಾನು ಬೊಂಬಾಯಿಯಲ್ಲಿ ನೋಡಿದ ಹಳೇ ಆಟ ಎಂತದ್ದು ಗೊತ್ತುಂಟಾ?" ಎಂದು ಸ್ನೇಹಿತ ಶುರುಮಾಡುತ್ತಿದ್ದ. "ಆ ಕಡೆ ಒಂದು ಕೋಲು, ಈ ಕಡೆ ಒಂದು ಕೋಲು, ನಡುವೆ ಒಂದು ಚುಕ್ಕೆ. ಮುಗೀತು. ಅದಕ್ಕೆ ಜನ ಕ್ಯೂ ನಿಲ್ತಿದ್ರು. ಇದು ಹಾಗಲ್ಲ, ಇದಕ್ಕೆ ತಲೆ ಬೇಕು."

"ತಲೆ ಬೇಕಾದ ಆಟ ದುಬೈಯಿಂದಲೇ ಬರಬೇಕಾ?" ಎಂದು ನಾನು ಒಳಗಿಂದಲೇ ಕೇಳಿದೆ. ನಾವು ಚಿಕ್ಕವರಿದ್ದಾಗ, ಎಪ್ಪತ್ತರ ದಶಕದಲ್ಲಿ, ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲು ಆಗದಾಗ ಹೆಂಗಸರೆಲ್ಲ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತಿದ್ದರು. ಮರದ ಮಣೆಯ ಗುಳಿಗಳಿಗೆ ಕಾಯಿ ಹಂಚುತ್ತಾ ಹೋಗುವ ಆಟ. ಗುಳಿ ನೋಡಿದ ಕೂಡಲೇ ಇಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ನನಗೆ ತಿಳಿಯುತ್ತಿತ್ತು. ಅತ್ತೆಯಂದಿರು ನನ್ನ ಜೊತೆ ಆಡಲು ಹಿಂದೆಮುಂದೆ ನೋಡುತ್ತಿದ್ದರು.

"ಹಾಗಾದ್ರೆ ಬಾ ಅಕ್ಕ, ಬಾಯಲ್ಲಿ ಯಾಕೆ?" ಎಂದು ತಮ್ಮ ಕರೆದ. ನಾನು ಸೆರಗು ಸಿಕ್ಕಿಸಿ ಕೂತೆ. ಮೊದಲ ಆಟದಲ್ಲಿ ಸರಿಯಾಗಿ ಪೆಟ್ಟು ತಿಂದೆ. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು ಟಿವಿಯ ಮೇಲಿನ ಚುಕ್ಕೆಗಳು ಮನೆಯಿಂದ ಮನೆಗೆ ಸರಿಯುವುದನ್ನು ನೋಡುತ್ತಾ ನಿಂತರು. ಅವರ ಮುಖ ಕಪ್ಪಾಯಿತು.

"ಇದು ಚೆನ್ನೆಯೇ ಅಲ್ವಾ? ಕಾಯಿ ಹಂಚುವುದು, ಎದುರಿನವರ ಮನೆ ಬರಿದು ಮಾಡುವುದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಚೆನ್ನೆಗೆ ಎದುರುಬದುರು ಕೂರಬಾರದು ಅಂತ ನಿಮಗೆ ಗೊತ್ತಿಲ್ವಾ? ಮನೆ ಒಡೆಯುತ್ತದೆ. ಏಳಿ ಇಬ್ಬರೂ!"

"ಅಯ್ಯೋ, ಇದು ಕಂಪ್ಯೂಟರ್ ಅಮ್ಮ" ಎಂದು ತಮ್ಮ ನಕ್ಕ. ಅಮ್ಮ ನಗಲಿಲ್ಲ. ನಮ್ಮ ಕಡೆ ಆ ನಂಬಿಕೆ ಗಟ್ಟಿ. ಆದರೆ ಮುಂದಿನ ಆದಿತ್ಯವಾರ ನಾವಿಬ್ಬರು ಕೂತಾಗ ಅಮ್ಮ ಒಂದು ಮಾತೂ ಆಡದೆ ಚಾ ತಂದಿಟ್ಟು ಹೋದರು. ಅಮ್ಮ ಅಷ್ಟು ಸುಲಭಕ್ಕೆ ಬಿಡುವವರೇ ಅಲ್ಲ. ನನಗೆ ಆಗಲೇ ಕಿವಿ ನೆಟ್ಟಗಾಗಬೇಕಿತ್ತು, ಆದರೆ ಆ ದಿನ ಗೆದ್ದೆ ನೋಡಿ, ತಲೆ ಎಲ್ಲಿರುತ್ತದೆ?

ಆ ಮೇಲೆ ಗೆಲ್ಲುತ್ತಲೇ ಹೋದೆ. ತಮ್ಮ ಸಾಧಾರಣ ಆಟಗಾರನಲ್ಲ. ಬಂದರಿನ ಅಂಗಡಿಯ ಮಹಡಿಯಲ್ಲಿ ಇಂಥದ್ದೇ ಹುಚ್ಚಿನವರು ಯಾರದೋ ಇನ್ನೊಂದು ಪೆಟ್ಟಿಗೆಯಲ್ಲಿ ಆಡಲು ಸೇರಿ ಯಾವ ಕ್ಯಾಸೆಟ್ಟಿನಲ್ಲಿ ಎಂತ ಉಪಾಯ ಅಂತ ಮಾತಾಡುವಾಗ ಅವನ ಮಾತೇ ಕೊನೆಯ ಮಾತು. ಅಂಥವನು ನನಗೆ ಸೋಲುವುದು! ಮೊದಲು ಹೆಮ್ಮೆಯಾಯಿತು, ಆಮೇಲೆ ಎಲ್ಲೋ ಕಡಿಯಲು ಶುರುವಾಯಿತು. ಇವನಿಗೆ ನನ್ನಿಂದ ಎಂತ ಬೇಕು? ಯಾವುದೋ ಗಂಡಿನ ಜಾತಕ ಕಿಸೆಯಲ್ಲಿಟ್ಟುಕೊಂಡು ನನ್ನನ್ನು ಮೆತ್ತಗೆ ಮಾಡುತ್ತಿದ್ದಾನಾ?

ಸಹಿಯ ವಿಷಯದಲ್ಲಿ ನನಗೆ ಗೊತ್ತಿರುವ ಒಂದು ಸಂಗತಿ ಉಂಟು. ನಿಜವಾಗಿ ಬರೆದವನ ಸಹಿ ದಿನಕ್ಕೊಂದು ತರಹ ಇರುತ್ತದೆ, ಒಮ್ಮೆ ಬಾಲ ಉದ್ದ, ಒಮ್ಮೆ ಗಿಡ್ಡ. ನೋಡಿ ನೋಡಿ ತಿದ್ದಿದ ಕಳ್ಳಸಹಿ ಮಾತ್ರ ಪ್ರತಿ ಸಲವೂ ಒಂದೇ. ತಮ್ಮನ ಸೋಲೂ ಪ್ರತಿ ಸಲ ಒಂದೇ ಆಗಿತ್ತು. ಚೆನ್ನಾಗಿ ಶುರುಮಾಡುತ್ತಾನೆ, ಅರ್ಧ ದಾರಿಗೆ ಬಂದು ಒಂದು ಸೇತುವೆಯ ಕಾವಲು ತೆಗೆಯುತ್ತಾನೆ, "ಛೆ, ಮರೆತೇ ಹೋಯ್ತು" ಎಂದು ಹಣೆ ಚಚ್ಚಿಕೊಳ್ಳುತ್ತಾನೆ. ನಿಜವಾಗಿ ಸೋಲುವವರು ಹಾಗೆ ಹೇಳಿ ಮಾಡಿಸಿದ ಹಾಗೆ ಸೋಲುವುದಿಲ್ಲ.

ಒಂದು ಸಂಜೆ ಬೇಕೆಂದೇ ನನ್ನ ಕಣಜದ ಸುತ್ತ ಇದ್ದ ಸೈನಿಕರನ್ನೆಲ್ಲ ದೂರ ಕಳಿಸಿದೆ. ಕಣ್ಣು ಮುಚ್ಚಿ ಆಡಿದರೂ ಅದನ್ನು ಹಿಡಿಯಬಹುದಿತ್ತು. ತಮ್ಮ ಟಿವಿಯನ್ನೇ ನೋಡಿದ, ಕುತ್ತಿಗೆ ಕೆರೆದುಕೊಂಡ, ತನ್ನ ಸೈನ್ಯವನ್ನು ಬೇರೆ ದಿಕ್ಕಿಗೆ ತಿರುಗಿಸಿದ.

"ನಿಲ್ಲು. ಕಣಜ ಯಾಕೆ ಹಿಡಿಯಲಿಲ್ಲ?"

"ಯಾವ ಕಣಜ?"

"ನಾಟಕ ಬೇಡ ಮಾರಾಯ. ಎಷ್ಟು ಸಮಯದಿಂದ ಹೀಗೆ ಮಾಡ್ತಾ ಇದ್ದೀ?"

ಅವನು ತಲೆ ತಗ್ಗಿಸಿದ. "ಅಮ್ಮನ ಹತ್ರ ಕೇಳು."

ಅಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ನನ್ನ ಸ್ವರ ಕೇಳಿ ಕೈ ಸಹ ನಿಲ್ಲಿಸಲಿಲ್ಲ. "ಹೌದು, ನಾನೇ ಹೇಳಿದ್ದು. ನೀವಿಬ್ಬರೂ ನನ್ನ ಮಾತು ಕೇಳಿ ಆಟ ಬಿಡುವವರಲ್ಲ. ಯಾವಾಗಲೂ ಒಬ್ಬರೇ ಗೆದ್ದರೆ ಜಗಳ ಆಗುವುದಿಲ್ಲ. ನಮ್ಮದು ಹೆಣ್ಣಿನ ಕಡೆಯಿಂದ ನಡೆದು ಬಂದ ಮನೆ, ನಾಳೆ ಇದು ನಡೆಯಬೇಕಾದದ್ದು ನಿನ್ನಿಂದ. ನೀನು ಈ ಮನೆಯೊಳಗೆ ಕೂತು ಸೋಲಬಾರದು. ಅವನಿಗೆ ಸೋಲಲಿಕ್ಕೆ ಎಂತ ಕಷ್ಟ?"

ಸಿಟ್ಟಿನಲ್ಲಿ ನನಗೆ ಮೈ ಉರಿದುಹೋಯಿತು. ಆದರೆ ಇನ್ನೂ ದೊಡ್ಡದು ಉಳಿದಿತ್ತು. ತಮ್ಮ ಬಾಗಿಲ ಬಳಿ ನಿಂತು ಮೆಲ್ಲ ಹೇಳಿದ: "ಅಕ್ಕ, ಈ ಆದಿತ್ಯವಾರ ಬೈಕಂಪಾಡಿಯ ಇಂಜಿನಿಯರ್ ಬರ್ತಾರೆ. ನಿನ್ನ ಜೊತೆ ಆಡಲಿಕ್ಕೆ."

ಆ ಇಂಜಿನಿಯರ್ ಯಾರೆಂದು ನನಗೆ ಗೊತ್ತಿತ್ತು. ಘಟ್ಟದ ಮೇಲಿನವರು, ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಬಂದರಿನ ಮಹಡಿಯಲ್ಲಿ ಈ ಆಟದಲ್ಲಿ ಅವರನ್ನು ಇನ್ನೂ ಯಾರೂ ಸೋಲಿಸಿರಲಿಲ್ಲ, ತಮ್ಮನೂ ಸಹ. "ಅಕ್ಕನಿಗೆ ಸೋಲ್ತೀಯಂತಲ್ಲ" ಎಂದು ಅಲ್ಲಿ ಎಲ್ಲರೂ ತಮ್ಮನನ್ನು ತಮಾಷೆ ಮಾಡಿದ್ದಾರೆ. ಅಮ್ಮ ಹೇಳಿದರು ಅಂತ ಸೋಲುತ್ತೇನೆ ಎಂದು ಅಲ್ಲಿ ಹೇಳಲಿಕ್ಕಾಗುತ್ತದಾ? ಮರ್ಯಾದೆ ಉಳಿಸಿಕೊಳ್ಳಲು ಇವನು, ನನ್ನ ಅಕ್ಕನನ್ನು ಸೋಲಿಸುವವರು ಮಂಗಳೂರಿನಲ್ಲೇ ಇಲ್ಲ, ಬೇಕಾದರೆ ಇಂಜಿನಿಯರೇ ಬಂದು ನೋಡಲಿ ಎಂದು ಬೊಗಳೆ ಬಿಟ್ಟು ಬಂದಿದ್ದಾನೆ.

"ಅಕ್ಕ, ನಿನಗೆ ತಲೆನೋವು ಅಂತ ಹೇಳಿಬಿಡುವ, ಆಗದಾ?" ಎಂದ.

ಹೇಳಬಹುದಿತ್ತು. ಆದರೆ ನನಗೆ ಒಂದು ವಿಷಯ ತಿಳಿಯಲೇಬೇಕಿತ್ತು: ನನಗೆ ನಿಜವಾಗಿ ಆಡಲು ಬರುತ್ತದಾ, ಇಲ್ಲವಾ? ಇಷ್ಟು ಸಮಯ ಗೆದ್ದದ್ದರಲ್ಲಿ ನನ್ನದು ಎಷ್ಟು, ಅಮ್ಮನದ್ದು ಎಷ್ಟು? ಅದು ತಿಳಿಯದೆ ನನಗೆ ಅನ್ನ ಸೇರಲಿಲ್ಲ.

ಮರುದಿನವೇ ತಮ್ಮನ ಸ್ನೇಹಿತನನ್ನು ಕರೆಸಿದೆ. "ನೋಡು, ನೀನು ನನ್ನ ಒಡಹುಟ್ಟಿದವನಲ್ಲ. ಸರಿಯಾಗಿ ಆಡು" ಎಂದೆ. ಅವನೂ ಸೋತ. ನನಗೆ ಖುಷಿ ಆಗುವುದರಲ್ಲಿತ್ತು, ಅಷ್ಟರಲ್ಲಿ ಅವನು ಟೋಪಿ ತೆಗೆದು ಸುಮ್ಮನೆ ಗಾಳಿ ಬೀಸಿಕೊಳ್ಳುವುದು ಕಾಣಿಸಿತು. ಸಂಶಯ ಬಂತು.

"ನಿಜವಾಗಿ ಆಡಿದ್ದಾ? ಆಣೆ ಹಾಕು."

ಅವನು ತಾರಸಿ ನೋಡಿದ, ನೆಲ ನೋಡಿದ. ಸುಳ್ಳು ಆಣೆ ಹಾಕುವವನಲ್ಲ ಅವನು. "ಅಮ್ಮ ನಿನಗೂ ಹೇಳಿದ್ದಾರಾ?" ಎಂದೆ.

"ನೀನೂ ನನ್ನ ಮಗನ ಹಾಗೆಯೇ, ಹಾಗಾಗಿ ನಿನಗೂ ಲೆಕ್ಕ ಒಂದೇ ಅಂತ ಹೇಳಿದ್ರು ಅಕ್ಕ. ಚಿಕ್ಕಂದಿನಿಂದ ಅವರ ಕೈಯಿಂದ ಕೋರಿರೊಟ್ಟಿ ತಿಂದವ ನಾನು. ಎಂತ ಮಾಡಲಿ?"

ಆ ಪ್ರೀತಿಗೆ ಅಳಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ನಾನು ಸಿಟ್ಟೇ ಮಾಡಿದೆ.

ಆದಿತ್ಯವಾರ ಇಂಜಿನಿಯರ್ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದರು. ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ "ಮೇಡಂ, ಗಾಬರಿ ಬೀಳಬೇಡಿ, ನಿಧಾನವಾಗಿ ಹೇಳಿಕೊಡ್ತೀನಿ" ಎಂದರು. ಅದನ್ನು ನಾನು ನುಂಗಿಕೊಂಡೆ. ನನ್ನ ಕಣ್ಣೆಲ್ಲ ಅಮ್ಮನ ಮೇಲೆ. ಅಮ್ಮ ಇವರ ಕಿವಿಗೂ ಎಂತಾದರೂ ಹಾಕಿದರೆ ನನ್ನ ಕತೆ ಮುಗಿದ ಹಾಗೆ. ಅಮ್ಮ ಹೊರಗೆ ಬಾರದ ಹಾಗೆ ಚಾ ನಾನೇ ತಂದೆ, ಗೋಳಿಬಜೆ ನಾನೇ ತಂದೆ. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಮ್ಮ ಅವರ ಎದುರು ಕೂತಾಗಿತ್ತು.

"ನಿಮಗೆ ಅಕ್ಕ ತಂಗಿ ಉಂಟಾ?" ಎಂದು ಕೇಳುತ್ತಿದ್ದರು.

"ಅಮ್ಮ, ಒಲೆಯ ಮೇಲೆ ಎಂತದೋ ಹೊತ್ತುತ್ತಿದೆ!" ಎಂದು ನಾನು ಕೂಗಿದೆ. ಒಲೆಯ ಮೇಲೆ ಎಂತದೂ ಇರಲಿಲ್ಲ.

ಆಟ ಶುರುವಾಯಿತು. ಇಂಜಿನಿಯರ್ ಗಡಿಬಿಡಿ ಇಲ್ಲದೆ ಬಂದರು, ನನ್ನ ಒಂದು ಸೇತುವೆ ಹಿಡಿದರು, ಆಮೇಲೆ ಇನ್ನೊಂದು. "ಇಲ್ಲಿ ನೀವು ಕಾವಲು ಇಡಬೇಕಿತ್ತು ಮೇಡಂ" ಎಂದು ಪ್ರತಿ ಪೆಟ್ಟಿಗೂ ಒಂದು ಪಾಠ. ತಮ್ಮ ಉಗುರು ಕಚ್ಚುತ್ತಿದ್ದ. ಸೋಲು ನನ್ನ ಮೂಗಿನ ತುದಿಗೆ ಬಂದಿತ್ತು, ಆದರೂ ಒಳಗೆ ಏನೋ ಒಂದು ಉತ್ಸಾಹ. ಆ ಚಾವಡಿಯಲ್ಲಿ ಮೊದಲ ಸಲ ನನ್ನ ಮೇಲೆ ಯಾರೋ ಕೈ ತಡೆಯದೆ ಏರಿ ಬರುತ್ತಿದ್ದರು.

ನಾನು ಎದುರು ನಿಲ್ಲಲಿಲ್ಲ. ಹಿಂದೆ ಸರಿಯುತ್ತಾ ಹೋದೆ. ಅವರ ಸೈನ್ಯ ದೊಡ್ಡದು, ಉಣ್ಣುವುದೂ ದೊಡ್ಡದು. ಚೆನ್ನೆಯ ಕಾಯಿ ಎಣಿಸಿದ ಹಾಗೆ ಎಣಿಸಿದೆ, ಅವರ ಭತ್ತ ಎಲ್ಲಿಗೆ ಮುಗಿಯುತ್ತದೆ ಅಂತ. ಆಗ ಅವರು ನನ್ನನ್ನು ಮುಗಿಸುವ ಆತುರದಲ್ಲಿ ತಮ್ಮ ಸೈನಿಕರನ್ನೆಲ್ಲ ಹೊಳೆ ದಾಟಿಸಿಬಿಟ್ಟರು. ಹಿಂದೆ ಅವರ ಕಣಜಕ್ಕೆ ಒಬ್ಬ ಕಾವಲಿನವನೂ ಇಲ್ಲ.

ಇದು ತಪ್ಪಾ, ದಾನವಾ? ತಿರುಗಿ ಅಮ್ಮನನ್ನು ನೋಡಿದೆ. ಅಮ್ಮ ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಮುಖದಲ್ಲಿ ಎಂತದೂ ಗೊತ್ತಾಗುವುದಿಲ್ಲ. ಇಂಜಿನಿಯರನ್ನು ನೋಡಿದೆ. ಅವರು ಗೋಳಿಬಜೆ ತಿನ್ನುತ್ತಿದ್ದರು. ಆದದ್ದಾಗಲಿ ಎಂದು ಬದಿಗೆ ಅಡಗಿಸಿಟ್ಟಿದ್ದ ಸೈನಿಕರನ್ನು ಕೊನೆಯ ಸೇತುವೆಯಿಂದ ದಾಟಿಸಿ ಕಣಜ ಹಿಡಿದೆ. ಮುಂದಿನ ಸರದಿಗೆ ಅವರ ಚುಕ್ಕೆಗಳು ಉದುರಲು ಶುರುವಾದವು. ಅದರ ಮುಂದಿನದಕ್ಕೆ ಇನ್ನಷ್ಟು. ಕೊನೆಗೆ ನನ್ನ ರಾಜ್ಯದ ನಡುವೆ ಅವರದ್ದು ಅಂತ ಹೇಳಲು ಒಂದು ಚುಕ್ಕೆಯೂ ಉಳಿಯಲಿಲ್ಲ.

ಇಂಜಿನಿಯರ್ ಎದ್ದು ನಿಂತರು. ಟಿವಿಯ ಹಿಂದೆ ಹೋಗಿ ವಯರು ಜಗ್ಗಿ ನೋಡಿದರು, ಕ್ಯಾಸೆಟ್ ತೆಗೆದು ತಿರುಗಿಸಿ ನೋಡಿದರು. ಕಿವಿ ಕೆಂಪಾಗಿತ್ತು.

"ಮೋಸ ರೀ ಇದು! ನಿಮ್ಮ ತಮ್ಮ ಹಿಂದಿನಿಂದ ಸನ್ನೆ ಮಾಡ್ತಿದ್ದ. ಇಲ್ಲಾಂದ್ರೆ ಕ್ಯಾಸೆಟ್ಟಲ್ಲೇ ಏನೋ ಮಾಡಿಟ್ಟಿದ್ದೀರಿ. ಮನೆಗೆ ಕರೆದು ಹೀಗಾ ಮಾಡೋದು?"

ತಮ್ಮ ಧಡಕ್ಕನೆ ಎದ್ದ. "ಎಂತ ಹೇಳಿದ್ದು ನೀವು? ಇನ್ನೊಮ್ಮೆ ಹೇಳಿ ನೋಡುವ!"

"ಸುಮ್ಮನಿರು ಮಾರಾಯ, ಅವರು ಹೇಳಲಿ" ಎಂದೆ. ಇಂಜಿನಿಯರಿನ ಕಡೆ ತಿರುಗಿ ಕೇಳಿದೆ: "ನೀವು ಬೇಕೆಂದೇ ನನ್ನನ್ನು ಗೆಲ್ಲಿಸಿದ್ದಲ್ಲ ಅಲ್ವಾ? ಇಲ್ಲಿ ಯಾರೂ ನಿಮಗೆ ಏನೂ ಹೇಳಿರಲಿಲ್ಲ ಅಲ್ವಾ?"

"ಗೆಲ್ಲಿಸೋದಾ? ನಾನಾ? ನಿಮ್ಮನ್ನ ನಾನ್ಯಾಕ್ರೀ ಗೆಲ್ಲಿಸ್ಲಿ?" ಎಂದು ಕಿರುಚಿ, "ಕಳ್ಳಾಟ, ಬರೀ ಕಳ್ಳಾಟ" ಎನ್ನುತ್ತಾ ಚಪ್ಪಲಿ ಮೆಟ್ಟಿ ಗೇಟು ಬಡಿದು ಹೋದರು.

ನಾನು ಚಾಪೆಯ ಮೇಲೆ ಕೂತು ಜೋರಾಗಿ ಅತ್ತೆ. ಅಮ್ಮ ಬಂದು ಬೆನ್ನು ಸವರಿ, "ಅವನು ಹೇಳಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಾ" ಎಂದರು. ಹಚ್ಚಿಕೊಳ್ಳದೆ ಬಿಡುತ್ತೇನಾ? ಅಷ್ಟು ಒಳ್ಳೆಯ ಮಾತನ್ನು ಆ ಮನೆಯಲ್ಲಿ ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.