ಎರಡು ಸಲ ಬಂದ ಸೋಮವಾರ

ನಾನು ಕೊಪ್ಪದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಕೇಳಿದರೆ ಫೋನು ತಡಕದೆ ಹೇಳಬಲ್ಲೆ: ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು, ಎಲ್ಲೂ ಇಳಿಯದೆ ಹಾರಿದರೆ ಹದಿನಾರು ಹದಿನೇಳು ಗಂಟೆ. ಅಲ್ಲಿರುವ ಅಕ್ಕನ ಮಗಳ ಮದುವೆಗೆ ಅಮ್ಮನನ್ನು ಕರೆದುಕೊಂಡು ಹೊರಟಾಗ ನೆಂಟರೆಲ್ಲ ಹೆದರಿಸಿದರು. ನರಸಿಂಹರಾಜಪುರದಿಂದ ಹೊರಟು, ಕೊಪ್ಪದಲ್ಲಿ ಬಸ್ಸು ಬದಲಾಯಿಸಿ, ಶೃಂಗೇರಿಯವರೆಗೆ ನಿಂತುಕೊಂಡು ಹೋಗುವುದಕ್ಕಿಂತ ಇದು ಸುಲಭ ಎಂದು ಅವರ ಬಾಯಿ ಮುಚ್ಚಿಸಿದೆ.

ಟಿಕೆಟ್ಟು ಸೋಮವಾರ ಮಧ್ಯಾಹ್ನದ್ದು. ಸೋಮವಾರ ಅಮ್ಮನಿಗೆ ಒಪ್ಪತ್ತು. ಹಗಲೆಲ್ಲ ಏನೂ ತಿನ್ನದೆ, ಹೊತ್ತು ಮುಳುಗಿದ ಮೇಲೆ ಲಿಂಗಪೂಜೆ ಮಾಡಿ ಒಂದೇ ಊಟ. ನನಗೆ ಬುದ್ಧಿ ಬಂದಾಗಿನಿಂದ ಒಂದು ವಾರವೂ ತಪ್ಪಿಸಿದ್ದು ನೋಡಿಲ್ಲ. ವಿಮಾನದಲ್ಲೂ ಸಂಜೆ ಆಗುತ್ತದೆ, ಆಗ ಊಟ ಮಾಡಿದರಾಯಿತು ಎಂದು ನಾನೇ ಧೈರ್ಯ ಹೇಳಿದ್ದೆ.

ಪೂರ್ವಕ್ಕೆ ಹಾರುತ್ತಿದ್ದುದರಿಂದ ಸಂಜೆ ಬೇಗನೆ ಬಂತು. ಅಮ್ಮ ಸೀಟಿನಲ್ಲೇ ಕೂತು ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡಿದಳು. ಮನೆಯಿಂದ ತಂದ ಅಕ್ಕಿರೊಟ್ಟಿಯನ್ನು ಚಟ್ನಿಪುಡಿಯ ಜೊತೆ ತಿಂದು ಮಲಗಿದಳು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು, ಮುಂದೆ ತಿಂಡಿ. ನನ್ನೊಳಗಿನ ಟೀಚರು ಸುಮ್ಮನಿರಬೇಕಲ್ಲ! ಎದುರಿನ ಪರದೆಯ ನಕಾಶೆ ತೋರಿಸಿ, ಈಗಷ್ಟೇ ದಿನಾಂಕ ರೇಖೆ ದಾಟಿದೆವು, ತಾರೀಖು ಒಂದು ದಿನ ಹಿಂದಕ್ಕೆ ಹೋಗಿದೆ, ಇದು ಮತ್ತೆ ಸೋಮವಾರದ ಬೆಳಿಗ್ಗೆ ಎಂದು ಪಾಠ ಮಾಡಿದೆ. ಬಾಯಿಗಿಡಲಿದ್ದ ಹಣ್ಣಿನ ಹೋಳನ್ನು ಅಮ್ಮ ಹಾಗೇ ತಟ್ಟೆಗೆ ಹಾಕಿದಳು.

ಆ ರೇಖೆ ಸಮುದ್ರದ ಮೇಲೆ ಎಲ್ಲೂ ಇಲ್ಲ, ಮನುಷ್ಯರು ತಮ್ಮ ಅನುಕೂಲಕ್ಕೆ ಎಳೆದುಕೊಂಡದ್ದು ಎಂದೆ. ಊರಿನಲ್ಲಿ ಆಗಲೇ ಮಂಗಳವಾರ ಹುಟ್ಟಿದೆ ಎಂದೆ. ಸಾಲಾಗಿ ಎರಡನೇ ಹಗಲೂ ಖಾಲಿ ಹೊಟ್ಟೆಗೆ ಬಿಪಿ ಮಾತ್ರೆ ನುಂಗಿದರೆ ತಲೆ ಸುತ್ತಿ ಬೀಳುತ್ತೀಯ ಎಂದು ಗದರಿದೆ. ನಾನು ಗದರಿದರೆ ಹತ್ತನೇ ಕ್ಲಾಸೇ ಗಪ್‌ಚಿಪ್ಪಾಗುತ್ತದೆ. ಅಮ್ಮ ಜಗ್ಗಲಿಲ್ಲ. ಅವಳಿಗೇನಾದರೂ ಆದರೆ ಎಂದು ನನಗೆ ಮೊದಲ ಸಲ ಹೆದರಿಕೆಯಾಯಿತು. ಇಷ್ಟೊಂದು ಹಟ ಯಾರಿಗಾಗಿ ಎಂದು ಕೇಳಿದೆ.

"ನಿಂಗೆ ಮೂರು ವರ್ಷ ಇದ್ದಾಗ ಜ್ವರ ನೆತ್ತಿಗೇರಿ ಡಾಕ್ಟ್ರೇ ಕೈಬಿಟ್ಟಿದ್ರು. ಇವಳನ್ನ ಉಳಿಸಿಕೊಡು, ಇನ್ನು ಬರೋ ಸೋಮವಾರ ಎಲ್ಲ ನಿಂದು ಅಂತ ಶಿವನ ಹತ್ರ ಹೇಳ್ಕೊಂಡೆ. ಇದೂ ಬಂದಿದ್ದೇ ಅಲ್ವಾ ಮಾರಾಯ್ತಿ?"

ಐವತ್ತು ದಾಟಿದ ಮೇಲೆ ನನಗೆ ಈ ಸಂಗತಿ ತಿಳಿಯಿತು. ಅಳು ಬಂತು, ಮುಚ್ಚಿಡಲಿಲ್ಲ. ತಿಂಡಿಯ ತಟ್ಟೆ ವಾಪಸು ಕೊಟ್ಟೆ. ಸಂಜೆಗೆ ವಿಮಾನ ಇಳಿಯಿತು. ಅಕ್ಕನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅಮ್ಮ ಆ ಸೋಮವಾರದ ಎರಡನೇ ಪೂಜೆ ಮಾಡಿ ಊಟಕ್ಕೆ ಕೂತಳು. ಅವಳಿಗೆ ಏನೂ ಆಗಲಿಲ್ಲ.

ಮದುವೆ ಮುಗಿದು ಹೊರಡುವ ದಿನ ಹತ್ತಿರವಾದಾಗ ನಾನು ನಕಾಶೆ ಹಿಡಿದು ಕೂತೆ. ನಮ್ಮ ಟಿಕೆಟ್ಟು ಭಾನುವಾರ ರಾತ್ರಿಯದು. ಹೋಗುವಾಗ ಸಿಕ್ಕಿದ್ದ ದಿನ ಬರುವಾಗ ಕೈಬಿಡುತ್ತದೆ. ಕತ್ತಲಲ್ಲಿ ಹತ್ತಿದವರು ಕತ್ತಲಲ್ಲೇ ಹಾರಿ ಮಂಗಳವಾರ ನಸುಕಿಗೆ ಬೆಂಗಳೂರಿನಲ್ಲಿ ಇಳಿಯುತ್ತೇವೆ. ನಡುವಿನ ಸೋಮವಾರಕ್ಕೆ ಸೂರ್ಯ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಅಮ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಸುಮ್ಮನೆ ಟಿಕೆಟ್ಟನ್ನು ಬುಧವಾರಕ್ಕೆ ಬದಲಿಸಿದೆ. ಅಕ್ಕ ಕಾರಣ ಕೇಳಿದಳು.

"ಅಮ್ಮಂದು ಒಂದು ಸೋಮವಾರ ತಪ್ತದೆ ಅಕ್ಕ," ಎಂದೆ.