ತೊಟ್ಟಿಲಿಲ್ಲದ ಬಾಣಂತನ

ಅವರ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಯಂತ್ರ ತಿಂಗಳು ತಿಂಗಳೂ ಅವರನ್ನು ಗುರುತಿಸಲು ಒಪ್ಪುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ ಸುಸ್ತಾದ ಅಂಗಡಿಯವನಿಗೆ, “ಹ್ವಾಯ್, ಬೆರಳ್ ನಂದೇ ಮಾರಾಯಾ, ಬಾಡ್ಗೆಗ್ ತಂದದ್ದಲ್ಲ” ಎನ್ನುತ್ತಿದ್ದರು. ವರ್ಷಗಟ್ಟಲೆ ಬಿಸಿನೀರಿಗೆ ಕೈಯದ್ದಿ, ಎಣ್ಣೆ ಅರಿಶಿನ ತಿಕ್ಕಿ ತಿಕ್ಕಿ ಆ ಕೈಗಳು ಸವೆದುಹೋಗಿದ್ದವು. ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ಮೀಯಿಸುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು ‘ಮೀಸುವ ಅಜ್ಜಿ’.

ಮೆತ್ತಗಿನ ಮಾತಿನವರಲ್ಲ. ಬೆಳಕು ಹರಿಯುವ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದಲೇ ಬರುತ್ತಿದ್ದರು. ಬಂದವರೇ ಮೊದಲು ನೋಡುವುದು ಬಚ್ಚಲ ಒಲೆಯನ್ನು. ಉರಿಸಲು ಇಟ್ಟ ತೆಂಗಿನ ಮಡಲು ಹಸಿಯಾಗಿದ್ದರೆ ಮನೆಯ ಗಂಡಸರಿಗೆಲ್ಲ ಮಂಗಳಾರತಿ. ಮೀಯಿಸಿ ಮುಗಿಯುವವರೆಗೆ ಒಂದು ಲೋಟ ಚಾ ಕೂಡ ಮುಟ್ಟುತ್ತಿರಲಿಲ್ಲ. ಎಳೆ ಕೂಸುಗಳನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು “ಕಳ್ಳಾ, ಕಣ್ ಬಿಡಾ” ಎಂದು ಗದರಿಸುವುದನ್ನು ನೋಡಿದರೆ ಮೊದಲ ಹೆರಿಗೆಯ ತಾಯಂದಿರಿಗೆ ಜೀವ ಬಾಯಿಗೆ ಬರುತ್ತಿತ್ತು.

ನಮ್ಮ ಕಡೆಯ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಆ ವರ್ಷದ ಚಳಿ ನನಗೆ ಗೊತ್ತು. ನಾದಿನಿಯ ಮದುವೆ ತೆಕ್ಕಟ್ಟೆಯ ಕಲ್ಯಾಣ ಮಂಟಪದಲ್ಲಿ. ನನಗೆ ಎಂಟು ತಿಂಗಳು. ಮದುವೆ ಮುಗಿದ ಸಂಜೆ ಆಸ್ಪತ್ರೆಗೆ ಹೋದೆವು. ಹೊಟ್ಟೆಯ ಮಗು ಆಗಲೇ ತೀರಿಕೊಂಡಿತ್ತು. ಮರುದಿನ ಹೆತ್ತೆ. ಹೆಣ್ಣು. ತಲೆ ತುಂಬ ಕೂದಲಿತ್ತು.

ಮನೆಗೆ ಬಂದ ಮೇಲೆ ಬಾಣಂತನದ ಮಾತು ಬಂತು. “ಶಿಶುವೇ ಇಲ್ಲೆ, ಬಾಣಂತನ ಎಂತಕ್ಕೆ? ಅವಳಿಗ್ ಮತ್ತೂ ನೆನಪಾತ್ತ್” ಎಂದರು ಅತ್ತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಅದೇ ಬೇಕಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಬಾವಿಕಟ್ಟೆಯಲ್ಲಿ ಕುಳಿತು ತಣ್ಣೀರು ಸುರಿದುಕೊಳ್ಳುತ್ತಿದ್ದೆ. ಹಲ್ಲು ಕಟಕಟ ಎನ್ನುವವರೆಗೆ. ಏನೂ ತಿಳಿಯದ ಎದೆ ಹಾಲು ಸುರಿಸುತ್ತಿತ್ತು. ನನ್ನ ಮೈಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ನಾಲ್ಕನೆಯ ದಿನ ಬೇಲಿಯಾಚೆಯಿಂದ ಅಜ್ಜಿ ನನ್ನನ್ನು ನೋಡಿದರು. ಸೀದಾ ಒಳಗೆ ಬಂದು ನನ್ನ ಕೈಯಿಂದ ಕೊಡಪಾನ ಕಿತ್ತುಕೊಂಡರು.

“ಎಂತ ಹೆಣೆ, ಬಾಣಂತಿ ತಣ್ಣೀರ್ ಮೀವ್ದಾ?”

“ನಾನ್ ಬಾಣಂತಿ ಅಲ್ಲ ಅಜ್ಜಿ. ಶಿಶು ಇಲ್ಲೆ.”

“ಹೆತ್ತದ್ದ್ ನೀನೇ ಅಲ್ದಾ? ಹೆತ್ತ ಮೈ ಬಾಣಂತಿ ಮೈಯೇ.”

ಯಾರ ಅಪ್ಪಣೆಗೂ ಕಾಯದೆ ಒಲೆ ಹೊತ್ತಿಸಿದರು. ಮೈನೋವಿಗೆಂದು ನೆಕ್ಕಿ ಗಿಡದ ಸೊಪ್ಪು ಹಾಕಿ ಹಂಡೆ ನೀರು ಕಾಯಿಸಿದರು. ಅತ್ತೆ ಬಾಗಿಲಲ್ಲಿ ನಿಂತು ಏನೋ ಹೇಳಹೊರಟರೆ, “ನೀವ್ ಒಳಗೆ ಸಾಂಬ್ರಾಣಿ ಹಾಕಿ” ಎಂದು ಅಟ್ಟಿಬಿಟ್ಟರು. ಆ ನೀರು ಬೆನ್ನಿಗೆ ಬಿದ್ದಾಗ ನಾನು ಕಿರುಚಿಕೊಂಡೆ. ಹೊಟ್ಟೆಗೆ ಬಟ್ಟೆ ಬಿಗಿದು, ಕಂಬಳಿ ಹೊದೆಸಿ, ತೊಟ್ಟಿಲಿಲ್ಲದ ಕೋಣೆಯಲ್ಲಿ ಮಲಗಿಸಿ ಹೋದರು. ಮರುದಿನ ಮತ್ತೆ ಬಂದರು. ಅದರ ಮರುದಿನವೂ.

ಎಲ್ಲರೂ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: ನಿನ್ನ ತಪ್ಪೇನಿಲ್ಲ, ದೇವರ ಇಚ್ಛೆ. ಅವರಿಗೆಲ್ಲ ಗೊತ್ತಿಲ್ಲದ ಒಂದು ಸಂಗತಿ ನನ್ನೊಳಗೆ ಕೊಳೆಯುತ್ತಿತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ, ಆ ಹೊಗೆ ತುಂಬಿದ ಬಚ್ಚಲಲ್ಲಿ, ಅವರಿಗೆ ಬೆನ್ನು ಕೊಟ್ಟು ಕುಳಿತಾಗ ಅದು ಹೊರಬಿತ್ತು.

“ನಂಗೆ ಗೊತ್ತಿತ್ತ್ ಅಜ್ಜಿ. ನಾದಿನಿ ಮದಿ ಹಿಂದಿನ ದಿನ ಮಧ್ಯಾಹ್ನದಿಂದ್ಲೇ ಶಿಶು ಹೊಟ್ಟೆಲಿ ಹೊರಳ್ಲಿಲ್ಲೆ. ಹೇಳ್ರೆ ಎಲ್ಲಾ ಗಡಿಬಿಡಿ ಆತ್ತ್, ಮದಿ ಮುಗೀಲಿ ಅಂದ್ಕಂಡೆ. ಯಾರಿಗೂ ಹೇಳ್ಲಿಲ್ಲೆ.”

ತಂಬಿಗೆ ನಿಂತಿತು. ಇನ್ನು ಇವರೂ ದೇವರ ಇಚ್ಛೆ ಎನ್ನುತ್ತಾರೆ ಎಂದುಕೊಂಡೆ.

“ಹೇಳ್ಕಿತ್ತ್ ಹೆಣೆ,” ಎಂದರು ಅಜ್ಜಿ. “ಬೆನ್ನ್ ಬಗ್ಗ್ಸ್” ಎಂದು ಮತ್ತೆ ನೀರು ಹೊಯ್ಯತೊಡಗಿದರು.

ಹೇಳಬೇಕಿತ್ತು ಎಂಬ ಆ ಮಾತು ಎದೆಗೆ ನಾಟಿತು. ಆದರೆ ಅಷ್ಟು ದಿನಗಳಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ಮೈ ಒರೆಸುವಾಗ ಕೇಳಿದೆ, ಇಷ್ಟು ತಿಳಿದ ಮೇಲೂ ನಾಳೆ ಬರುತ್ತೀರಾ ಎಂದು.

“ಬತ್ತೆ. ತಪ್ಪ್ ಮಾಡ್ದವರಿಗೂ ಚಳಿ ಆತ್ತಲೆ. ನೀರ್ ಹಾಕ್ದೆ ಬಿಡುಕಾತ್ತಾ?”

ನಲವತ್ತನೆಯ ದಿನ ಅವರು ಬರಲಿಲ್ಲ. “ಇನ್ನ್ ಅವಳೇ ಮೀಯ್ಲಿ” ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕಳಿಸಿದ್ದರು. ತುಂಬ ಹೊತ್ತು ಬಚ್ಚಲ ಹೊಸ್ತಿಲಲ್ಲಿ ಕುಳಿತಿದ್ದೆ. ಕೊನೆಗೆ ನಾನೇ ಒಲೆ ಹೊತ್ತಿಸಿದೆ. ಮಗು ಹೋದ ಮೇಲೆ ಮೊದಲ ಸಲ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಎಣ್ಣೆ ಹಚ್ಚಿದೆ. ಸಡಿಲವಾಗಿ, ಗೆರೆಗೆರೆಯಾಗಿ, ಬಡಪಾಯಿ ಹೊಟ್ಟೆ. ಕೇರಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಆದರೂ ಬದುಕಿದೆ, ಬದುಕಿನ ಮೇಲೆ ಹಗೆಯಿಲ್ಲದೆ.

ಕೈಲಾಗದ ಮೇಲೆ ಅಜ್ಜಿ ಗುಲ್ವಾಡಿಯಲ್ಲಿ ಮಗಳ ಮನೆ ಸೇರಿದರು. ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆ ಎಂದು ಮೀನು ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದರು. ಹೋಗಬೇಕು ಎಂದುಕೊಂಡೆ. ಭಾನುವಾರ ಹೋದರಾಯಿತು, ಮುಂದಿನ ಭಾನುವಾರ ಹೋದರಾಯಿತು. ಗೊತ್ತಿದ್ದೂ ಸುಮ್ಮನಿದ್ದವಳು ಮತ್ತೊಮ್ಮೆ ಸುಮ್ಮನಿದ್ದೆ. ನಾನು ಆ ಮನೆಯ ಅಂಗಳ ತುಳಿದದ್ದು ಅವರು ತೀರಿಹೋಗಿ, ಉತ್ತರಕ್ರಿಯೆಯ ಬೊಜ್ಜವೂ ಮುಗಿದ ಮರುದಿನ.

ಮಗಳು ನನ್ನನ್ನು ಒಳಗೆ ಕರೆದು ಮಣೆ ಹಾಕಿದಳು. ಕುಚ್ಚಲಕ್ಕಿ ಗಂಜಿ ಬಡಿಸಿ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟಳು. ನನಗೆ ಕೈ ಏಳಲಿಲ್ಲ. ಈ ಮನೆಯ ಅನ್ನ ಉಣ್ಣುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

“ನಾನ್ ತಡ ಮಾಡ್ದೆ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಹೌದ್, ತಡ ಆಯ್ತ್. ಅಮ್ಮ ಎರಡ್ ಸಲ ನಿಮ್ಮನ್ ಕೇಂಡ್ರ್,” ಎಂದಳು. ಗಂಜಿಯ ಬಟ್ಟಲನ್ನು ನನ್ನ ಹತ್ತಿರಕ್ಕೆ ಸರಿಸಿದಳು. “ಈಗ ಉಣ್ಣಿ. ತಣಿತ್ತ್.”

ಉಂಡೆ. ಅಳುತ್ತಲೇ, ಒಂದಗುಳೂ ಬಿಡದೆ ಉಂಡೆ.